ಹಳೇ ಸಬ್‌ಮರೀನರ್, ಹೊಸ ಸಬ್‌ಮರೀನರ್

ಎರಡೂ ರೋಲೆಕ್ಸ್ ಸಬ್‌ಮರೀನರ್, ನೀರಿಗಿಳಿಯುವವರ ವಾಚ್. ದೂರದಿಂದ ನೋಡಿದ್ರೆ ಅಣ್ಣ-ತಮ್ಮ. ಸ್ವಲ್ಪ ಹತ್ತಿರ ಬನ್ನಿ.

ಹಳೇದು 5513, 1960ರ ದಶಕದಲ್ಲಿ ಬಂದ ಮಾಡೆಲ್. ಹೊಸದು 2020ರ 124060. ಅಗಲ 40 ಮಿಲಿಮೀಟರ್‌ನಿಂದ 41ಕ್ಕೆ ಏರಿದೆ, ಅಷ್ಟೇ.

ಹಳೇದರ ಮೇಲಿರೋದು ಗಾಜಲ್ಲ, ಅಕ್ರಿಲಿಕ್. ಬೇಗ ಗೀರು ಬೀಳುತ್ತೆ, ಪಾಲಿಶ್ ಹಾಕಿ ಉಜ್ಜಿದ್ರೆ ಹೋಗುತ್ತೆ. ಹೊಸದಕ್ಕೆ ಸಫೈರ್.

ಈಗ ಸುತ್ತಲಿನ ಕಪ್ಪು ಬಳೆ, ಬೆಜೆಲ್. ನೀರಿಗಿಳಿಯುವಾಗ ಇದರ ತ್ರಿಕೋನವನ್ನ ನಿಮಿಷದ ಮುಳ್ಳಿಗೆ ಹೊಂದಿಸ್ತಾರೆ. ಎಷ್ಟು ಹೊತ್ತಾಯ್ತು ಅನ್ನೋ ಲೆಕ್ಕ ಅಲ್ಲೇ ಸಿಗುತ್ತೆ. ಹಳೇದು ಎರಡೂ ಕಡೆ ತಿರುಗುತ್ತೆ. ಬಂಡೆಗೆ ತಾಗಿ ಅಕಸ್ಮಾತ್ ಮುಂದಕ್ಕೆ ಜರುಗಿದ್ರೆ? ಹತ್ತು ನಿಮಿಷ ಕಳೆದಿದ್ರೂ ಐದೇ ಅಂತ ತೋರಿಸುತ್ತೆ. ಪ್ರಾಣಕ್ಕೇ ಕುತ್ತು! ಹೊಸದು ತಿರುಗೋದು ಎಡಕ್ಕೆ ಮಾತ್ರ. ತಪ್ಪಿದ್ರೂ ಬೇಗ ಮೇಲೆ ಬನ್ನಿ ಅಂತಲೇ ಹೇಳುತ್ತೆ.

ಹಳೇ ಬಳೆಯ ಅಲ್ಯುಮಿನಿಯಂ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗುತ್ತೆ, ಹೊಸ ಸೆರಾಮಿಕ್ ಮಾಸಲ್ಲ. ಕತ್ತಲಲ್ಲಿ ಹೊಳೆಯಲಿ ಅಂತ ಹಳೇದರ ಡಯಲ್‌ಗೆ ಹಾಕಿದ್ದ ಟ್ರಿಟಿಯಂ ಚುಕ್ಕಿಗಳು ಹೊಳಪು ಕಳ್ಕೊಂಡು ಕೆನೆ ಬಣ್ಣ ಆಗಿವೆ. ಕತ್ತಲಲ್ಲಿ ಉಪಯೋಗಕ್ಕಿಲ್ಲ, ಆದ್ರೆ ಸಂಗ್ರಹಕಾರರು ಮರುಳಾಗೋದು ಅದಕ್ಕೇ!

ನೀರು ತಡೆಯೋದ್ರಲ್ಲಿ ಹಳೇದಕ್ಕೆ 200 ಮೀಟರ್ ಆಳ, ಹೊಸದಕ್ಕೆ 300. ಕಟ್ಟದೆ ಇಟ್ಟರೂ ಹೊಸದು ಸುಮಾರು 70 ಗಂಟೆ ಓಡುತ್ತೆ.

ನೋಡೋಕೆ ನನ್ನ ವೋಟು 5513ಕ್ಕೆ, ಈಜೋಕೆ 124060. ಅಜ್ಜನ ಕಾಲದ್ದು ನಿಮ್ಮ ಮನೇಲಿದ್ರೆ, ವಾಟರ್‌ಪ್ರೂಫ್ ಪರೀಕ್ಷೆ ಮಾಡಿಸೋ ತನಕ ಕೈ ತೊಳೆಯುವಾಗಲೂ ಬಿಚ್ಚಿಡಿ.