ಬ್ರಷ್ ತೊಳೆದರೆ ಸಾಲದು, ಒಣಗಬೇಕು

ಛತ್ರದಲ್ಲಿ ‘ವಧುವಿನ ಕೋಣೆ’ ಎಂದು ಬೋರ್ಡು ತೂಗುವ ಆ ಚಿಕ್ಕ ಕೋಣೆಯನ್ನು ನೀವೂ ನೋಡಿರುತ್ತೀರಿ. ಬೆಳಗಿನ ಜಾವ ನಾಲ್ಕೂವರೆ, ಒಂದೇ ಕನ್ನಡಿ, ಒಂದೇ ಮೇಕಪ್ ಪೆಟ್ಟಿಗೆ. ಮದುಮಗಳ ಕೆನ್ನೆ ಸವರಿದ ಬ್ರಷ್ ಅವಳ ತಂಗಿಯ ಕೆನ್ನೆಗೆ ಹೋಗುತ್ತದೆ, ಅಲ್ಲಿಂದ ಸೋದರತ್ತೆಗೆ, ಕೊನೆಗೆ “ನಂಗೂ ಸ್ವಲ್ಪ ಹಚ್ಚೇ” ಎಂದು ಬಾಗಿಲಲ್ಲಿ ನಿಂತ ಚಿಕ್ಕಮ್ಮನಿಗೆ. ಕಾಡಿಗೆ ಪೆನ್ಸಿಲಂತೂ ಅರಿಶಿನ-ಕುಂಕುಮದ ಬಟ್ಟಲಿನ ಹಾಗೆ ಎಲ್ಲರ ಮುಂದೂ ಸುತ್ತಿ ಬರುತ್ತದೆ. ಯಾರಾದರೂ ಹಿಂಜರಿದರೆ ಸಿದ್ಧ ಉತ್ತರವೊಂದಿದೆ: “ಎಲ್ಲಾ ನಮ್ಮೋರೇ ತಾನೇ!”

ನಮ್ಮೋರೇ, ನಿಜ. ಆದರೆ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರ ಮೂಗಿನಲ್ಲಿ ಸದ್ದಿಲ್ಲದೆ ವಾಸವಾಗಿರುತ್ತದೆ. ಅವರಿಗೆ ಏನೂ ಆಗುವುದಿಲ್ಲ. ಅದು ಇನ್ನೊಬ್ಬರ ಒಡೆದ ಮೊಡವೆಗೋ ಗೀರಿಗೋ ತಲುಪಿದರೆ ಕೀವುಗುಳ್ಳೆ ಏಳಬಹುದು. ತುಟಿಯಂಚಿನಲ್ಲಿ ನೀರುಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್‌ಗೆ ಹಂಚಿಕೊಂಡ ಲಿಪ್‌ಸ್ಟಿಕ್ ಒಂದು ದಾರಿ, ಕೆಂಗಣ್ಣಿಗೆ ಹಂಚಿಕೊಂಡ ಕಾಡಿಗೆ ಒಂದು ದಾರಿ. ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಕುರುಡುತನದ ದೊಡ್ಡ ಕಾರಣಗಳಲ್ಲೊಂದಾಗಿದ್ದ ಟ್ರಕೋಮಾ ಕೈಬೆರಳು, ಟವೆಲು, ನೊಣಗಳ ಜೊತೆಗೆ ಮನೆಮಂದಿಯೆಲ್ಲ ಬಳಸುವ ಕಾಡಿಗೆ ಕಡ್ಡಿಯಿಂದಲೂ ಹಬ್ಬುತ್ತಿತ್ತು. ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಅದು ಭಾರತದಿಂದ ತೊಲಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 2024ರಲ್ಲಷ್ಟೇ.

“ನಾನೊಬ್ಬಳೇ ಬಳಸೋದು, ತೊಳೆಯೋದೇನಿದೆ?”

ನೀವೊಬ್ಬರೇ ಮಲಗುವ ದಿಂಬಿನ ಕವರನ್ನು ಒಗೆಯುತ್ತೀರಲ್ಲ, ಹಾಗೇ ಇದೂ. ಬ್ರಷ್‌ನಲ್ಲಿ ಉಳಿಯುವುದು ಬರೀ ಪೌಡರಲ್ಲ. ಮುಖದ ಜಿಡ್ಡು, ಉದುರಿದ ಚರ್ಮದ ಹೊಟ್ಟು, ಬೆವರು, ಫೌಂಡೇಶನ್ ಎಲ್ಲ ಸೇರಿ ಸೂಕ್ಷ್ಮಜೀವಿಗಳಿಗೆ ಹಬ್ಬದೂಟ. ಬರ್ಮಿಂಗ್‌ಹ್ಯಾಮಿನ ಆಸ್ಟನ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಬಳಕೆಯಲ್ಲಿದ್ದ 467 ಮೇಕಪ್ ಸಾಮಗ್ರಿಗಳನ್ನು ಪರೀಕ್ಷಿಸಿದ್ದರು. ಲಿಪ್‌ಸ್ಟಿಕ್, ಮಸ್ಕರಾ, ಐಲೈನರ್‌ಗಳಲ್ಲೂ ಬ್ಯಾಕ್ಟೀರಿಯಾ ಇದ್ದವು. ಎಲ್ಲಕ್ಕಿಂತ ಹೆಚ್ಚು ಸಿಕ್ಕಿದ್ದು ಫೌಂಡೇಶನ್ ಹಚ್ಚುವ ಸ್ಪಂಜಿನಲ್ಲಿ. ಆ ಸ್ಪಂಜುಗಳಲ್ಲಿ ಶೇ 93ರಷ್ಟು ನೀರು ಕಂಡಿರಲೇ ಇಲ್ಲ, ಶೇ 64ರಷ್ಟು ನೆಲಕ್ಕೆ ಬಿದ್ದೆದ್ದು ಮತ್ತೆ ಮುಖಕ್ಕೆ ಹೋಗಿದ್ದವು.

ಅಮೆರಿಕದ ಚರ್ಮವೈದ್ಯರ ಅಕಾಡೆಮಿಯ ಸಲಹೆ, ಬ್ರಷ್ ಅನ್ನು 7ರಿಂದ 10 ದಿನಕ್ಕೊಮ್ಮೆ ತೊಳೆಯಿರಿ ಎಂದು. ದಿನಾ ಹಚ್ಚಿಕೊಳ್ಳುವವರಿಗೆ ಅದು ಸರಿ. ಹಬ್ಬ-ಹರಿದಿನಕ್ಕೆ ಮಾತ್ರ ಪೆಟ್ಟಿಗೆ ತೆಗೆಯುವವರು ಮುಂದಿನ ಹಬ್ಬಕ್ಕೆ ಕಾಯದೆ ಹಚ್ಚಿದ ಮರುದಿನವೇ ತೊಳೆದಿಡುವುದು ಒಳ್ಳೆಯದು. ಸ್ಪಂಜನ್ನು ಮಾತ್ರ ಪ್ರತಿ ಬಾರಿಯೂ ತೊಳೆಯಲೇಬೇಕು.

“ಕುದಿಯೋ ನೀರಿಗೆ ಹಾಕಿದ್ರೆ ಎಲ್ಲಾ ಸಾಯತ್ತೆ”

ಮಗುವಿನ ಹಾಲಿನ ಬಾಟಲಿ ಕುದಿಸಿ ಅಭ್ಯಾಸವಾದ ಕೈಗಳಿಗೆ ಇದು ಸಹಜವಾಗಿ ಹೊಳೆಯುವ ಉಪಾಯ. ನಾನೂ ಒಮ್ಮೆ ಮಾಡಿದ್ದೇನೆ. ಲೋಟದಲ್ಲಿ ಕೂದಲೆಲ್ಲ ತೇಲಿ, ಕೈಯಲ್ಲಿ ಬೋಳು ಹಿಡಿ ಉಳಿಯಿತು. ಬ್ರಷ್‌ನ ಕೂದಲು ನಿಂತಿರುವುದು ಲೋಹದ ಕೊಳವೆಯೊಳಗೆ ಹಾಕಿದ ಅಂಟಿನ ಬಲದಲ್ಲಿ. ಬಿಸಿನೀರು ಅದನ್ನು ಸಡಿಲಿಸುತ್ತದೆ. ಬೆಚ್ಚಗಿನ ನೀರು, ಒಂದೆರಡು ಹನಿ ಮಗುವಿನ ಶಾಂಪೂ, ಅಂಗೈ ಮೇಲೆ ಮೆಲ್ಲಗೆ ತಿರುವುವುದು, ನೊರೆ ಬಿಳಿಯಾಗಿ ನೀರು ತಿಳಿಯಾಗುವವರೆಗೆ ಜಾಲಿಸುವುದು. ಇಷ್ಟೇ ಕೆಲಸ. ಕೂದಲು ಕೆಳಮುಖವಾಗಿರಲಿ, ನೀರು ಕೊಳವೆಯೊಳಗೆ ನುಗ್ಗದಿರಲಿ. ಶಾಂಪೂ ರೋಗಾಣುಗಳನ್ನು ಕೊಲ್ಲುತ್ತದೆ ಎಂದಲ್ಲ. ಅವು ಕೂತಿರುವ ಜಿಡ್ಡನ್ನೇ ಕಿತ್ತು ನೀರಿನ ಜೊತೆ ಸಾಗಿಸುತ್ತದೆ. ಅಜ್ಜಿಯಂದಿರು ಚಿನ್ನದ ಸರ ತೊಳೆಯುತ್ತಿದ್ದ ಅಂಟುವಾಳದ ನೊರೆ ಮಾಡುವುದೂ ಇದೇ ಕೆಲಸ. ಸೋಸಿದ ನೀರಾದರೆ ಅದನ್ನೂ ಬಳಸಬಹುದು. ಸೀಗೆಪುಡಿ ಬೇಡ, ಕೂದಲ ಬುಡದಲ್ಲಿ ಕಚ್ಚಿಕೊಂಡು ಕೂರುತ್ತದೆ.

ತೊಳೆಯುವ ಗೋಜಿಲ್ಲದೆ ಸ್ಪಿರಿಟ್ ಸಿಂಪಡಿಸಿ ಮುಗಿಸುವವರೂ ಇದ್ದಾರೆ. ಜಿಡ್ಡಿನ ಪದರದ ಅಡಿಯಲ್ಲಿರುವ ರೋಗಾಣುವಿಗೆ ಅದು ಸರಿಯಾಗಿ ತಾಗುವುದಿಲ್ಲ. ತೊಳೆದ ಮೇಲೆ ಬಳಸಿದರೆ ಉಪಯೋಗವಿದೆ, ಅದೂ 70% ದ್ರಾವಣ. “99% ಇದ್ದರೆ ಇನ್ನೂ ಜೋರು” ಎನ್ನುವುದು ಅಂಗಡಿ ಲೆಕ್ಕ. ಜೀವಕೋಶದ ಪ್ರೋಟೀನನ್ನು ಕೆಡಿಸಲು ಆಲ್ಕೊಹಾಲಿಗೆ ನೀರಿನ ನೆರವು ಬೇಕು, ಬರೀ ಆಲ್ಕೊಹಾಲು ಅಷ್ಟರೊಳಗೆ ಹಾರಿಹೋಗುತ್ತದೆ. ಇನ್ನು ಬಕೆಟ್ ನೀರಿಗೆ ನಾಲ್ಕು ಹನಿ ಡೆಟಾಲ್ ಹಾಕುವುದು ನಮ್ಮ ಮನಸ್ಸಿನ ಸಮಾಧಾನಕ್ಕೆ.

“ತೊಳೆದು ಲೋಟದಲ್ಲಿ ನಿಲ್ಲಿಸಿದ್ದೀನಿ, ಒಣಗತ್ತೆ ಬಿಡು”

ಹೆಚ್ಚಿನವರು ಎಡವುವುದು ಇಲ್ಲೇ. ಕೂದಲು ಮೇಲಾಗಿ ನಿಲ್ಲಿಸಿದ ಒದ್ದೆ ಬ್ರಷ್‌ನ ನೀರು ಇಳಿದು ಕೊಳವೆಯೊಳಗೆ ಸೇರುತ್ತದೆ. ಅಂಟು ಮೆತ್ತಗಾಗುತ್ತದೆ, ಮರದ ಹಿಡಿ ಉಬ್ಬುತ್ತದೆ, ಒಳಗಿನ ತೇವದಲ್ಲಿ ಬೂಸ್ಟು ಹಿಡಿಯುತ್ತದೆ. ಅರೆಬರೆ ಒಣಗಿದ ಬ್ರಷ್‌ಗಿಂತ ತೊಳೆಯದ ಒಣ ಬ್ರಷ್ ವಾಸಿ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಮಲೆನಾಡು, ಕರಾವಳಿಯಲ್ಲಿ ಆಷಾಢದ ಮಳೆ ಹಿಡಿದಾಗ ಬಟ್ಟೆಯೇ ಮೂರು ದಿನ ಒಣಗದು. ದಟ್ಟ ಕೂದಲಿನ ಪೌಡರ್ ಬ್ರಷ್ ಹೇಗೆ ಒಣಗೀತು? ಹತ್ತಿಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಮೇಜಿನ ಅಂಚಿನಲ್ಲಿ ಕೂದಲು ಹೊರಚಾಚುವಂತೆ ಅಡ್ಡ ಮಲಗಿಸಿ, ಫ್ಯಾನಿನ ಕೆಳಗೆ ರಾತ್ರಿಯಿಡೀ ಬಿಡಿ. ಸ್ಪಂಜನ್ನು ಒದ್ದೆಯಾಗಿಯೇ ಡಬ್ಬಿಗೆ ಹಾಕಿ ಮುಚ್ಚಳ ಬಿಗಿಯುವುದು ಬೂಸ್ಟಿಗೆ ಮನೆ ಕಟ್ಟಿಕೊಟ್ಟಂತೆ. ಒಣಗಿಸಲು ಮೈಕ್ರೊವೇವ್‌ಗೆ ಇಡುವುದಂತೂ ಬೇಡವೇ ಬೇಡ. ಒಣ ಸ್ಪಂಜು ಹೊತ್ತಿಕೊಳ್ಳಬಹುದು, ಬ್ರಷ್‌ನ ಲೋಹದಿಂದ ಕಿಡಿ ಹಾರಬಹುದು.

“ಪಾರ್ಲರ್‌ನಲ್ಲಿ ನೀಲಿ ಲೈಟಿನ ಪೆಟ್ಟಿಗೆ ಇದೆಯಲ್ಲ”

ಇದೆ, ನೋಡುವುದಕ್ಕೂ ಚೆಂದ. ಅದರ ಅತಿನೇರಳೆ ಕಿರಣ ನಿಜವಾಗಿಯೂ ರೋಗಾಣುನಾಶಕವೇ ಆಗಿದ್ದರೂ, ಬೆಳಕು ನೇರವಾಗಿ ಬಿದ್ದ ಜಾಗದಲ್ಲಷ್ಟೇ ಅದರ ಆಟ. ಕತ್ತರಿಯ ಸಂದು, ಬ್ರಷ್‌ನ ಒಳಕೂದಲು, ಜಿಡ್ಡಿನ ಮರೆ, ಅಲ್ಲೆಲ್ಲ ನೆರಳು. ತೊಳೆದ ಸಾಧನ ಇಡಲು ಆ ಪೆಟ್ಟಿಗೆ ಸರಿ, ತೊಳೆಯುವುದಕ್ಕೆ ಬದಲಿಯಲ್ಲ. ವ್ಯಾಕ್ಸ್ ಬಿಸಿಯಿರುತ್ತದೆ, ಆದ್ದರಿಂದ ಒಂದೇ ಕಡ್ಡಿಯನ್ನು ಮತ್ತೆ ಮತ್ತೆ ಅದ್ದಬಹುದು ಎನ್ನುವುದೂ ಇದೇ ಜಾತಿಯ ನಂಬಿಕೆ. ಚರ್ಮ ತಾಳುವಷ್ಟೇ ಬಿಸಿಯ ಮೇಣಕ್ಕೆ ರೋಗಾಣುಗಳನ್ನೆಲ್ಲ ಕೊಲ್ಲುವ ಶಕ್ತಿಯಿಲ್ಲ. ಹುಬ್ಬು ತೀಡುವಾಗ ದಾರದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುವುದನ್ನು ನಾವು ಗಮನಿಸುವುದೇ ಇಲ್ಲ. ಕತ್ತಿಗೆ ಸುತ್ತಿಕೊಂಡೂ ಮಾಡಬಹುದು, ಕೇಳಿ ನೋಡಿ.

ಇನ್ನು ಬದಲಿಸುವ ಮಾತು. ‘ಮೂರು ತಿಂಗಳಿಗೊಮ್ಮೆ ಎಲ್ಲಾ ಹೊಸದು’ ಎನ್ನುವುದು ಮಾರುವವರ ನಂಬಿಕೆ. ಚೆನ್ನಾಗಿ ನೋಡಿಕೊಂಡ ಬ್ರಷ್ ವರ್ಷಗಟ್ಟಲೆ ಬಾಳುತ್ತದೆ. ಕೂದಲು ಉದುರಿದರೆ, ಆಕಾರ ಕೆಟ್ಟರೆ, ತೊಳೆದ ಮೇಲೂ ಮುಗ್ಗಲು ವಾಸನೆ ಬಂದರೆ ಆಗ ಎಸೆಯಿರಿ. ಮೂರು ತಿಂಗಳ ಮಾತು ಸ್ಪಂಜಿಗೂ ಮಸ್ಕರಾಕ್ಕೂ ಸಲ್ಲುತ್ತದೆ. ಒಣಗಿದ ಮಸ್ಕರಾಕ್ಕೆ ನೀರೋ ಉಗುಳೋ ಸೇರಿಸಿ ಆಯಸ್ಸು ಹೆಚ್ಚಿಸಬೇಡಿ, ಕಣ್ಣಿನ ವಿಷಯ. ಸ್ಪಂಜಿನ ಮೇಲೆ ಉಳಿದ ಬಣ್ಣದ ಕಲೆಗೆ ಮಾತ್ರ ಹೆದರಬೇಕಿಲ್ಲ. ಕಲೆಯಿದ್ದೂ ಸ್ವಚ್ಛವಿರಬಹುದು, ಬೆಳ್ಳಗಿದ್ದೂ ಕೊಳಕಿರಬಹುದು. ಬ್ರಷ್ ತೊಳೆದ ಕೂಡಲೇ ಮೊಡವೆ ಮಾಯ ಎಂದೂ ಎಣಿಸಬೇಡಿ. ಹಾರ್ಮೋನು, ಚರ್ಮದ ಜಿಡ್ಡು, ಮುಚ್ಚಿಹೋದ ರಂಧ್ರಗಳ ಕತೆ ಬೇರೆಯೇ ಇದೆ.

ಮುಂದಿನ ಮದುವೆಗೆ ಹೊರಡುವಾಗ ಕಾಡಿಗೆ, ಲಿಪ್‌ಸ್ಟಿಕ್ ಎರಡನ್ನೂ ನಿಮ್ಮ ಪರ್ಸಿನಲ್ಲೇ ಇಟ್ಟುಕೊಂಡು ಹೋಗಿ. ಚಿಕ್ಕಮ್ಮ ಕೇಳಿಯೇ ಕೇಳುತ್ತಾರೆ. ಅವರಿಗೆಂದು ಇನ್ನೊಂದು ಹೊಸ ಕಾಡಿಗೆ ಪೆನ್ಸಿಲ್ ಕೊಂಡಿಡಿ.