ಪರಿಮಾಣದ ಮಾತುಗಳು: ಇಂಗ್ಲಿಷಿನ ರೂಢಿ, ಕನ್ನಡದ ಜಾಯಮಾನ

ಎಣಿಸುವುದು, ಅಳೆಯುವುದು, ತೂಗುವುದು ಈ ಮೂರೂ ಮನುಷ್ಯನ ನಿತ್ಯವ್ಯವಹಾರಗಳು. ಆದುದರಿಂದ ಯಾವ ಭಾಷೆಯಲ್ಲಾಗಲಿ ಪರಿಮಾಣವನ್ನು ತಿಳಿಸುವ ಮಾತುಗಳು ಬಹು ಹಳೆಯವು, ಬಹು ಬಳಕೆಯವು. ಹಾಗಿದ್ದರೂ ಬೇರೊಂದು ಭಾಷೆಯಲ್ಲಿ ಬರೆಯಲು ಕುಳಿತಾಗ ನಮ್ಮನ್ನು ಮೊದಲು ಎಡವಿಸುವವೂ ಇವೇ. ರಜಾ ಅರ್ಜಿ, ದಾಸ್ತಾನು ಪುಸ್ತಕ, ಸಭೆಯ ವರದಿ, ವ್ಯಾಪಾರದ ಕಾಗದ ಇವುಗಳಲ್ಲಿ ಯಾವುದನ್ನು ತೆರೆದು ನೋಡಿದರೂ ತಪ್ಪು ಕಾಣಬರುವುದು ಹೆಚ್ಚಾಗಿ ‘ಎಷ್ಟು’ ಎಂಬುದನ್ನು ಹೇಳುವ ಸ್ಥಳದಲ್ಲಿಯೇ.

ಕೊಯಮತ್ತೂರು ಸೀಮೆಯ ಕನ್ನಡಿಗರಿಗೆ ಈ ವಿಷಯ ಇನ್ನಷ್ಟು ಹತ್ತಿರದ್ದು. ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಕೊಳ್ಳೇಗಾಲ ತಾಲ್ಲೂಕು ಈ ಜಿಲ್ಲೆಗೇ ಸೇರಿತ್ತು. ಆ ವರ್ಷ ನವೆಂಬರ್ ೧ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಈಗ ಈರೋಡು ಜಿಲ್ಲೆಯಲ್ಲಿರುವ ತಾಳವಾಡಿಯ ಕಡೆ ಈಚೆಗೇ ಉಳಿಯಿತು. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ ನೇಕಾರರ ಮನೆಗಳಲ್ಲಿಯೂ ಒಕ್ಕಲಿಗರ ಮನೆಗಳಲ್ಲಿಯೂ ಕನ್ನಡ ಇಂದಿಗೂ ಮನೆಮಾತಾಗಿದೆ. ಆದರೆ ಗಾಂಧಿಪುರಂನ ಬೀದಿಗಿಳಿದರೆ ಕಿವಿಗೆ ಬೀಳುವುದು ತಮಿಳು. ಅಂಗಡಿಗಳ ಫಲಕಗಳಲ್ಲಿ ಕಣ್ಣಿಗೆ ಬೀಳುವುದು ತಮಿಳು ಮತ್ತು ಇಂಗ್ಲಿಷು. ಇಲ್ಲಿಯ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡದಲ್ಲಿ ಎಣಿಸಿ, ಸಂತೆಯಲ್ಲಿ ತಮಿಳಿನಲ್ಲಿ ಬೆಲೆ ಕೇಳಿ, ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಮನೆಮಾತಿನ ಕ್ರಮವನ್ನು ಮೊದಲು ಗುರುತಿಸಿ, ಅದರ ಪಕ್ಕದಲ್ಲಿ ಇಂಗ್ಲಿಷಿನ ಕ್ರಮವನ್ನು ಇಟ್ಟು ತೋರಿಸಿದರೆ ಎರಡು ಭಾಷೆಗಳೂ ತಿಳಿಯಾಗುತ್ತವೆ. ಇಲ್ಲವಾದರೆ ಎರಡೂ ಕದಡುತ್ತವೆ. ಇದನ್ನು ಕೆಲವು ಉದಾಹರಣೆಗಳಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲನೆಯದು ‘ಆಫ್’ ಎಂಬ ಸಣ್ಣ ಪದದ ವಿಚಾರ. ನಾವು ‘ಒಂದು ಮೊಳ ಮಲ್ಲಿಗೆ’, ‘ಎರಡು ಕಿಲೋ ಅಕ್ಕಿ’ ಎನ್ನುತ್ತೇವೆ. ಅಳತೆಗೂ ವಸ್ತುವಿಗೂ ನಡುವೆ ಯಾವ ವಿಭಕ್ತಿಪ್ರತ್ಯಯವೂ ಬೇಕಿಲ್ಲ. ಹೂವಿನ ಅಂಗಡಿಯಲ್ಲಿ ಕೇಳುವ ತಮಿಳಿನ ಕ್ರಮವೂ ಇದೇ. ಇಂಗ್ಲಿಷಿನಲ್ಲಾದರೋ ‘ಟೂ ಕಿಲೋಸ್ ಆಫ್ ರೈಸ್’, ‘ಎ ಕಪ್ ಆಫ್ ಟೀ’ ಎಂದು ‘ಆಫ್’ ಬರಲೇಬೇಕು. ಇದನ್ನು ಕಲಿತ ಹುಡುಗ ಎಲ್ಲೆಡೆಯೂ ಅದನ್ನು ಹಾಕಿ ‘ಎ ಡಜನ್ ಆಫ್ ಎಗ್ಸ್’, ‘ಟೂ ಹಂಡ್ರೆಡ್ ಆಫ್ ರುಪೀಸ್’ ಎಂದು ಬರೆಯುವುದುಂಟು. ಅಲ್ಲಿ ‘ಆಫ್’ ಬರಕೂಡದು. ಆದರೆ ‘ಡಜನ್ಸ್ ಆಫ್ ಎಗ್ಸ್’, ‘ಹಂಡ್ರೆಡ್ಸ್ ಆಫ್ ರುಪೀಸ್’ ಎನ್ನುವಾಗ ಬರಬೇಕು. ಈ ಭೇದಕ್ಕೆ ಕನ್ನಡದಲ್ಲಿಯೇ ಕೀಲಿಕೈ ಇದೆ. ನಿಶ್ಚಿತ ಸಂಖ್ಯೆಗೆ ನಾವು ‘ಇನ್ನೂರು ರೂಪಾಯಿ’ ಎನ್ನುತ್ತೇವೆ. ಅನಿಶ್ಚಿತವಾದರೆ ‘ನೂರಾರು ರೂಪಾಯಿ’ ಎನ್ನುತ್ತೇವೆ. ಹಾಗೆಯೇ ‘ಸಾವಿರಾರು’, ‘ಡಜನ್‌ಗಟ್ಟಲೆ’, ‘ಮೂಟೆಗಟ್ಟಲೆ’. ಎಲ್ಲಿ ಕನ್ನಡದಲ್ಲಿ ‘ನೂರಾರು’, ‘ಸಾವಿರಾರು’ ಎಂಬಂಥ ರೂಪವೋ ‘ಗಟ್ಟಲೆ’ಯೋ ಬರುತ್ತದೆಯೋ ಅಲ್ಲಿ ಇಂಗ್ಲಿಷಿನಲ್ಲಿ ಬಹುವಚನವೂ ‘ಆಫ್’ ಎಂಬುದೂ ಜೊತೆಯಾಗಿ ಬರುತ್ತವೆಂದು ಹೇಳಿಕೊಟ್ಟರೆ ಮಗು ಮರೆಯದು.

ಎರಡನೆಯದು ವಿಂಗಡಣೆಯ ವಿಚಾರ. ಕನ್ನಡವು ಪರಿಮಾಣವಾಚಕಗಳನ್ನು ಮನುಷ್ಯರು, ಮನುಷ್ಯೇತರ ಎಂದು ವಿಂಗಡಿಸುತ್ತದೆ: ಇಬ್ಬರು, ಎರಡು, ಕೆಲವರು, ಕೆಲವು, ಹಲವರು, ಹಲವು. ಇಂಗ್ಲಿಷು ಈ ಭೇದವನ್ನು ಮಾಡುವುದಿಲ್ಲ. ಅದು ಎಣಿಸಬಹುದಾದುದು, ಎಣಿಸಲಾಗದುದು ಎಂದು ವಿಂಗಡಿಸುತ್ತದೆ. ಆದ್ದರಿಂದಲೇ ಹಸುಗಳಿಗೆ ‘ಮೆನಿ’, ಹಾಲಿಗೆ ‘ಮಚ್’. ನಮಗೆ ‘ಎಷ್ಟು ಹಸು’, ‘ಎಷ್ಟು ಹಾಲು’ ಎಂದು ಎರಡಕ್ಕೂ ಒಂದೇ ಮಾತು ಸಾಕು. ಇಲ್ಲಿ ಇನ್ನೊಂದು ತೊಡಕಿದೆ. ಯಾವುದು ಎಣಿಸತಕ್ಕದ್ದೆಂಬ ವಿಷಯದಲ್ಲಿಯೂ ಎರಡು ಭಾಷೆಗಳಿಗೆ ಒಮ್ಮತವಿಲ್ಲ. ಕನ್ನಡದಲ್ಲಿ ‘ಎರಡು ಸಲಹೆ’, ‘ಮೂರು ಸುದ್ದಿ’ ಸರಿ. ಇಂಗ್ಲಿಷಿನಲ್ಲಿ ‘ಅಡ್ವೈಸ್’, ‘ನ್ಯೂಸ್’, ‘ಫರ್ನಿಚರ್’ ಇವು ಎಣಿಕೆಗೆ ಸಿಕ್ಕವು. ‘ಟೂ ಪೀಸಸ್ ಆಫ್ ಅಡ್ವೈಸ್’ ಎಂದೇ ಹೇಳಬೇಕು. ಶಾಲೆಗಳ ದಾಸ್ತಾನು ಪುಸ್ತಕಗಳಲ್ಲಿ ‘ಫರ್ನಿಚರ್ಸ್’ ಎಂಬ ತಲೆಬರಹ ಕಂಡರೆ ಅದು ಈ ಒಮ್ಮತವಿಲ್ಲದುದರ ಫಲವೆಂದು ತಿಳಿಯಬೇಕು.

ಎಲ್ಲಕ್ಕಿಂತ ಅಪಾಯದ ಸ್ಥಳವೆಂದರೆ ‘ಫ್ಯೂ’, ‘ಲಿಟ್ಲ್’ ಎಂಬ ಎರಡು ಪದಗಳು. ಅವುಗಳಿಗೆ ಮೊದಲು ‘ಎ’ ಸೇರಿದರೆ ಒಂದರ್ಥ, ಸೇರದಿದ್ದರೆ ಹೆಚ್ಚು ಕಡಿಮೆ ಅದರ ವಿರುದ್ಧಾರ್ಥ. ‘ಐ ಹ್ಯಾವ್ ಎ ಲಿಟ್ಲ್ ಫೀವರ್’ ಎಂದರೆ ‘ನನಗೆ ಸ್ವಲ್ಪ ಜ್ವರವಿದೆ’ ಎಂದು. ‘ಐ ಹ್ಯಾವ್ ಲಿಟ್ಲ್ ಫೀವರ್’ ಎಂದರೆ ‘ಜ್ವರ ಇಲ್ಲವೆನ್ನುವಷ್ಟು ಕಡಿಮೆ’ ಎಂದು. ರಜಾ ಅರ್ಜಿಯಲ್ಲಿ ಎರಡನೆಯದನ್ನು ಬರೆದ ಹುಡುಗ ತನ್ನ ಅರ್ಜಿಯನ್ನು ತಾನೇ ತಿರಸ್ಕರಿಸಿಕೊಂಡಂತೆ. ತಿರುಪ್ಪೂರಿನಿಂದ ಬನಿಯನ್ ತರಿಸಿಕೊಂಡ ಅಂಗಡಿಯ ಗುಮಾಸ್ತನೊಬ್ಬನು ‘ಫ್ಯೂ ಪೀಸಸ್ ಆರ್ ಡ್ಯಾಮೇಜ್ಡ್’ ಎಂದು ಕಾಗದ ಬರೆದನೆಂದು ಭಾವಿಸೋಣ. ಕೆಲವು ಕೆಟ್ಟಿವೆ, ಬದಲಿಸಿಕೊಡಿ ಎಂಬುದು ಅವನ ಇಂಗಿತ. ಇಂಗ್ಲಿಷ್ ಬಲ್ಲವರು ಓದಿಕೊಳ್ಳುವುದೋ, ‘ಕೆಟ್ಟಿರುವುದು ಇಲ್ಲವೆನ್ನುವಷ್ಟು ಕಡಿಮೆ’ ಎಂದು! ದೂರಿನ ಕಾಗದ ಪ್ರಶಂಸಾಪತ್ರವಾಯಿತು.

ಕನ್ನಡದಲ್ಲಿ ಈ ಭೇದ ಇಲ್ಲವೆಂದಲ್ಲ. ‘ಕೆಲವರು ಬಂದರು’ ಎಂಬುದಕ್ಕೂ ‘ಬಂದವರು ಕೆಲವರೇ’ ಎಂಬುದಕ್ಕೂ ಇರುವ ಅಂತರ ಇದೇ. ಅವಧಾರಣೆಯ ಏಕಾರದಿಂದ ನಾವು ಮಾಡುವ ಕೆಲಸವನ್ನು ಇಂಗ್ಲಿಷು ‘ಎ’ಯನ್ನು ಬಿಡುವುದರಿಂದ ಮಾಡುತ್ತದೆ. ಕನ್ನಡದಲ್ಲಿ ‘ಏ’ ಬಂದರೆ ಇಂಗ್ಲಿಷಿನಲ್ಲಿ ‘ಎ’ ಹೋಗುತ್ತದೆ. ‘ಓನ್ಲಿ’ ಸೇರಿದಾಗ ಮಾತ್ರ ‘ಓನ್ಲಿ ಎ ಫ್ಯೂ’ ಎಂದು ಅದು ಮರಳಿ ಬರುತ್ತದೆ. ಇಷ್ಟನ್ನು ಒಂದು ಪಾಠದ ಅವಧಿಯಲ್ಲಿ ಕಲಿಸಬಹುದು.

ಕ್ರಿಯಾಪದದ ವಚನವೂ ಇಲ್ಲಿ ಗಮನಾರ್ಹ. ‘ಎ ನಂಬರ್ ಆಫ್ ಟೀಚರ್ಸ್’ ಎಂದರೆ ‘ಹಲವು ಮಂದಿ ಉಪಾಧ್ಯಾಯರು’, ಆದುದರಿಂದ ‘ಹ್ಯಾವ್’. ‘ದಿ ನಂಬರ್ ಆಫ್ ಟೀಚರ್ಸ್’ ಎಂದರೆ ‘ಉಪಾಧ್ಯಾಯರ ಸಂಖ್ಯೆ’, ಆದುದರಿಂದ ‘ಹ್ಯಾಸ್’. ಕನ್ನಡಕ್ಕೆ ತಿರುಗಿಸಿ ನೋಡಿದೊಡನೆ ಒಂದರಲ್ಲಿ ಕರ್ತೃ ಉಪಾಧ್ಯಾಯರು, ಇನ್ನೊಂದರಲ್ಲಿ ಸಂಖ್ಯೆ ಎಂಬುದು ತಾನಾಗಿ ತಿಳಿಯುತ್ತದೆ. ‘ಒನ್ ಆಫ್ ದಿ ಬಾಯ್’ ಎಂಬ ತಪ್ಪಿಗೂ ಇದೇ ಮದ್ದು. ‘ಹುಡುಗರಲ್ಲಿ ಒಬ್ಬ’ ಎಂದು ನಾವೂ ಬಹುವಚನವನ್ನೇ ಬಳಸುತ್ತೇವಷ್ಟೆ.

ಇನ್ನು ಕೆಲವು ಮಾತುಗಳ ಅರ್ಥ ನಿಘಂಟಿನಲ್ಲಿಲ್ಲ, ಕಸುಬಿನಲ್ಲಿದೆ. ಕೊಯಮತ್ತೂರಿನಲ್ಲಿ ೧೮೮೮ರಲ್ಲಿ ನೂಲಿನ ಗಿರಣಿ ಬಂದಂದಿನಿಂದ ‘ಕೌಂಟ್’ ಎಂಬ ಮಾತು ಇಲ್ಲಿ ಮನೆಮನೆಯದಾಗಿದೆ. ೮೪೦ ಗಜ ಉದ್ದದ ಲಡಿಗಳು ಒಂದು ಪೌಂಡು ತೂಕಕ್ಕೆ ಎಷ್ಟು ಬರುತ್ತವೆಯೋ ಅದೇ ಹತ್ತಿನೂಲಿನ ಕೌಂಟು. ಎಂದರೆ ೪೦ರ ನೂಲು ಪೌಂಡಿಗೆ ೩೩,೬೦೦ ಗಜ; ೬೦ರದು ೫೦,೪೦೦ ಗಜ. ಸಂಖ್ಯೆ ಹೆಚ್ಚಿದಷ್ಟೂ ನೂಲು ಸಣ್ಣ. ನೇಕಾರರ ಮನೆಯ ಮಗುವಿಗೆ ಇದು ಆಟದಷ್ಟು ಸಹಜ. ಪರಿಮಾಣದ ಮಾತಿನಲ್ಲಿ ‘ಯಾವುದಕ್ಕೆ ಎಷ್ಟು’ ಎಂಬುದನ್ನು ಮೊದಲು ಕೇಳಬೇಕೆಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ಹೊರಗೆ ಹುಡುಕಬೇಕಾಗಿಲ್ಲ.

ಈವರೆಗೆ ಹೇಳಿದುದು ಇಂಗ್ಲಿಷ್ ಬರೆವಣಿಗೆಗೆ ಕನ್ನಡ ಹೇಗೆ ನೆರವಾಗಬಲ್ಲುದೆಂಬುದನ್ನು. ಇಂಗ್ಲಿಷಿನ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯುವ ಅಭ್ಯಾಸವೂ ಇಂದು ಬಲವಾಗಿದೆ. ‘ಎಲ್ಲಾ ಮೂರು ಶಾಲೆಗಳು’ ಎಂದು ಬರೆಯುತ್ತಾರೆ. ‘ಮೂರೂ ಶಾಲೆಗಳು’ ಎಂದರೆ ಸಾಕು. ‘ದೊಡ್ಡ ಸಂಖ್ಯೆಯ ಜನರು’ ಎಂಬಲ್ಲಿ ‘ಬಹಳ ಮಂದಿ’, ‘ಒಳ್ಳೆಯ ಪ್ರಮಾಣದ ಮಳೆ’ ಎಂಬಲ್ಲಿ ‘ಒಳ್ಳೆ ಮಳೆ’, ‘ನಾಲ್ಕು ಅಥವಾ ಐದು ದಿನಗಳು’ ಎಂಬಲ್ಲಿ ‘ನಾಲ್ಕೈದು ದಿನ’ ಎಂಬುದೇ ಕನ್ನಡದ ಜಾಯಮಾನ. ಇದೇ ‘ನಾಲ್ಕೈದ’ನ್ನು ಇಂಗ್ಲಿಷಿಗೆ ಒಯ್ದು ‘ಫೋರ್ ಫೈವ್ ಡೇಸ್’ ಎನ್ನುವುದೂ ಅಷ್ಟೇ ಅಸಾಧು. ಅಲ್ಲಿ ‘ಆರ್’ ಬೇಕು. ಒಂದರ ಸೊಗಸು ಇನ್ನೊಂದರ ದೋಷವಾಗಬಹುದು.

ಅಳತೆಗಳೇನೋ ಬದಲಾಗುತ್ತವೆ. ೧೯೫೭ರ ಏಪ್ರಿಲ್ ೧ರಂದು ನಯಾಪೈಸೆ ಬಂದಿತು. ೧೯೫೬ರ ಕಾನೂನಿನ ಮೇರೆಗೆ ೧೯೫೮ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ಬಳಕೆಗೆ ಬರತೊಡಗಿದವು. ಆಣೆ, ಮಣಗಳು ಅಧಿಕೃತ ಲೆಕ್ಕದಿಂದ ಹೊರಟುಹೋದವು. ಆದರೂ ‘ಹದಿನಾರಾಣೆ ಸತ್ಯ’, ‘ಸೇರಿಗೆ ಸವಾಸೇರು’ ಎಂಬ ಮಾತುಗಳು ಉಳಿದಿವೆ. ಚಿಟಿಕೆ, ಹಿಡಿ, ಬೊಗಸೆ, ಗೇಣು, ಮಾರು ಇವಂತೂ ನಮ್ಮ ಕೈಯಲ್ಲಿಯೇ ಇರುವ ಅಳತೆಗಳು. ಯಾವ ಕಾನೂನೂ ಇವನ್ನು ಕಸಿದುಕೊಳ್ಳಲಾರದು. ನಮ್ಮ ‘ಹಿಡಿ’ಯೇ ಹಳಗನ್ನಡದ ‘ಪಿಡಿ’, ತಮಿಳಿನ ‘ಪಿಡಿ’. ಆದರೆ ‘ಪಿಂಚ್ ಆಫ್ ಸಾಲ್ಟ್’ ಎಂದು ಬರೆಯಬಲ್ಲ ಮಗುವಿಗೆ ‘ಚಿಟಿಕೆ ಉಪ್ಪು’ ತಿಳಿಯದೆ ಹೋದರೆ ನಷ್ಟ ಒಂದು ಪದದ್ದಲ್ಲ. ಅಜ್ಜಿ ಅಡಿಗೆಮನೆಯಿಂದ ‘ಒಂದು ಬೊಗಸೆ ಅಕ್ಕಿ ತೆಗೆದುಕೊಂಡು ಬಾ ಮಗಾ’ ಎಂದು ಕೂಗಿದಾಗ ಮೊಮ್ಮಗ ಪಾತ್ರೆಗಾಗಿ ಹುಡುಕಾಡುವಂತಾದರೆ, ಗಡಿನಾಡಿನಲ್ಲಿ ಮನೆಮಾತೆಂದು ಉಳಿದಿರುವುದಾದರೂ ಏನು?

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನ ವಿನಂತಿ ಇಷ್ಟೇ. ಮಕ್ಕಳು ತಮ್ಮ ಮನೆಗಳಲ್ಲಿ ಕೇಳಿದ ಪರಿಮಾಣದ ಮಾತುಗಳನ್ನು ಒಂದು ಪುಟದಲ್ಲಿ ಬರೆದು ತರಲಿ. ಎದುರು ಪುಟದಲ್ಲಿ ಅವುಗಳ ಇಂಗ್ಲಿಷ್ ರೂಪವನ್ನು ತರಗತಿಯಲ್ಲಿ ಕೂಡಿ ಬರೆಯಿಸಿರಿ. ಹೊಂದದೆ ಉಳಿದ ಮಾತುಗಳನ್ನು ಹೊಡೆದುಹಾಕದೆ ಹಾಗೆಯೇ ಇರಿಸಿರಿ. ಊರಿನ ಹಿರಿಯರನ್ನು ಕೇಳಿ ಅವುಗಳ ಅರ್ಥವನ್ನು ಬರೆದಿಡಿರಿ. ಬಲಪುಟದಿಂದ ಮಕ್ಕಳ ಪರೀಕ್ಷೆಗೆ ಪ್ರಯೋಜನ, ಎಡಪುಟದಿಂದ ನಮ್ಮ ನುಡಿಗೆ ಪ್ರಯೋಜನ. ಎರಡಕ್ಕೂ ತಗಲುವ ವೆಚ್ಚ ಒಂದು ನೋಟುಪುಸ್ತಕ ಮಾತ್ರ.