ಕೋಳಿಯೂ ಶಾಖವೂ

ಭಾನುವಾರ ಬೆಳಗ್ಗೆ ಮೈಸೂರಿನ ಕುವೆಂಪುನಗರದ ಕೋಳಿ ಅಂಗಡಿಗಳ ಮುಂದೆ ಜನ ಕಾದು ನಿಂತಿರುವುದನ್ನು ನಾವು ಕಾಣುತ್ತೇವೆ. ಅಲ್ಲಿ ಮಾರಾಟವಾಗುವ ಎರಡು ಕಿಲೋಗ್ರಾಂ ತೂಕದ ಕೋಳಿ ಸುಮಾರು ಆರು ವಾರಗಳ ಹಿಂದೆ ಕೇವಲ 40 ಗ್ರಾಂ ತೂಗುವ ಮರಿಯಾಗಿತ್ತು. ಅದರ ಸಾಕಣೆಯಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುವುದು ಶಾಖದ ಪ್ರಶ್ನೆಯೇ.

ಶಾಖ ಹುಟ್ಟುವುದು ಶರೀರದ ಒಳಗೆ. ಸೋರಿಹೋಗುವುದು ಬಹುಮಟ್ಟಿಗೆ ಮೇಲ್ಮೈಯಿಂದ. ತೂಕ 50 ಮಡಿಯಾದಾಗ ಮೇಲ್ಮೈಯ ವಿಸ್ತೀರ್ಣ ಸುಮಾರು 14 ಮಡಿ ಮಾತ್ರ ಹೆಚ್ಚುತ್ತದೆ. ಎಂದರೆ, ಒಂದು ಗ್ರಾಂ ತೂಕಕ್ಕೆ ಲೆಕ್ಕ ಹಾಕಿದರೆ, ಮರಿಯ ಮೇಲ್ಮೈ ಬೆಳೆದ ಕೋಳಿಯದಕ್ಕಿಂತ ಮೂರೂವರೆ ಮಡಿಗೂ ಹೆಚ್ಚು. ಮರಿಗೆ ಇನ್ನೂ ಗರಿಗಳಿಲ್ಲ. ಇರುವುದು ತುಪ್ಪುಳು ಮಾತ್ರ. ಆದುದರಿಂದ ಮೊದಲ ವಾರ ವಿದ್ಯುದ್ದೀಪಗಳ ಕೆಳಗೆ 33ರಿಂದ 35 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ಅನಂತರ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸಬಹುದು. ಮರಿಗಳು ದೀಪದಡಿ ಒತ್ತಾಗಿ ಸೇರಿದ್ದರೆ ಚಳಿ ಎಂದರ್ಥ. ಕೊಕ್ಕು ತೆರೆದು ದೂರ ಸರಿದಿದ್ದರೆ ಸೆಕೆ. ಸಮನಾಗಿ ಹರಡಿಕೊಂಡಿದ್ದರೆ ಉಷ್ಣತೆ ಸರಿಯಾಗಿದೆ.

ಬೆಳೆದ ಕೋಳಿಯ ಕಷ್ಟವೇ ಬೇರೆ. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ. ಬೇಸಗೆಯಲ್ಲಿ ಅದು ಏದುಸಿರು ಬಿಟ್ಟು ಗಂಟಲಿನ ತೇವವನ್ನು ಆವಿಯಾಗಿಸುತ್ತದೆ. ಒಂದು ಗ್ರಾಂ ನೀರು ಹೀಗೆ ಆವಿಯಾದಾಗ ಸುಮಾರು 575 ಕ್ಯಾಲೊರಿ ಶಾಖ ಹೊರಹೋಗುತ್ತದೆ. ಗಾಳಿಯಾಡದ, ತೇವ ತುಂಬಿದ ಮನೆಯಲ್ಲಿ ಈ ಉಪಾಯ ನಡೆಯದು, ಕೋಳಿ ಸಾಯಬಹುದು. ಆದುದರಿಂದಲೇ ಗಾಳಿಗೆ ತೆರೆದ ಜಾಲರಿಗೋಡೆ, ಒಣಗಿದ ಭತ್ತದ ಹೊಟ್ಟಿನ ಹಾಸು ಮತ್ತು ತಣ್ಣೀರು ಅಗತ್ಯ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಹಿತ್ತಿಲ ಸಾಕಣೆಗೆಂದು ರೂಪಿಸಿದ ಗಿರಿರಾಜ ತಳಿ ಇಷ್ಟು ಶೀಘ್ರವಾಗಿ ಬೆಳೆಯುವುದಿಲ್ಲ. ಆದರೆ ಬಯಲಲ್ಲಿ ಅಲೆದು ತನ್ನ ನೆರಳನ್ನು ತಾನೇ ಹುಡುಕಿಕೊಳ್ಳಬಲ್ಲುದು.

ಕೊಯ್ಯುವ ಮೊದಲು ಎಂಟು ಹತ್ತು ಗಂಟೆ ಆಹಾರ ಕೊಡಬಾರದು, ನೀರು ಕೊಡಬೇಕು. ಕರುಳು ಬರಿದಾಗಿದ್ದರೆ ಮಾಂಸ ಮಲಿನವಾಗುವ ಭಯ ಕಡಮೆ. ರಕ್ತ ಪೂರ್ಣವಾಗಿ ಹರಿದ ಮೇಲೆ ಸುಮಾರು 60 ಡಿಗ್ರಿಯ ನೀರಿನಲ್ಲಿ ಒಂದು ನಿಮಿಷ ಅದ್ದಿದರೆ ಗರಿಯ ಬುಡದ ಹಿಡಿತ ಸಡಿಲವಾಗುತ್ತದೆ. ಕುದಿಯುವ ನೀರಾದರೆ ಚರ್ಮ ಬೆಂದು ಹರಿಯುತ್ತದೆ.

ಕರುಳು ತೆಗೆದು ತೊಳೆದೊಡನೆ ಮಾಂಸವನ್ನು ಮಂಜುಗಡ್ಡೆಯ ನೀರಿನಲ್ಲಿ 4 ಡಿಗ್ರಿಗೆ ತಣಿಸಬೇಕು. ಈ ಆತುರವೇಕೆ? ಅನುಕೂಲವಾದ ಬೆಚ್ಚನೆಯಲ್ಲಿ ಕೆಲವು ಬ್ಯಾಕ್ಟೀರಿಯಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಸುತ್ತವೆ. ಅಂದರೆ ಒಂದು ಬ್ಯಾಕ್ಟೀರಿಯ ನಾಲ್ಕು ಗಂಟೆಗಳಲ್ಲಿ 4,096 ಆಗಬಲ್ಲುದು. ಆಹಾರವನ್ನು ಕೆಡದಂತೆ ಕಾಪಾಡುವ ವಿದ್ಯೆ ಎಷ್ಟು ಮುಖ್ಯವೆಂಬುದಕ್ಕೆ 1950ರಲ್ಲಿ ನಮ್ಮ ಮೈಸೂರಿನಲ್ಲೇ ಪ್ರಾರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವೇ ಸಾಕ್ಷಿ.

ಮರಿಯನ್ನು ಬದುಕಿಸಿದ 35 ಡಿಗ್ರಿಯ ಬೆಚ್ಚನೆಯೇ ಮಾಂಸದಲ್ಲಿ ರೋಗಾಣುಗಳನ್ನೂ ಸಾಕುತ್ತದೆ. ಆದುದರಿಂದ ಅಂಗಡಿಯಿಂದ ತಂದ ಕೋಳಿಯನ್ನು ಅಡಿಗೆಮನೆಯಲ್ಲಿ ಮಧ್ಯಾಹ್ನದವರೆಗೆ ಹಾಗೆಯೇ ಇಡಬಾರದು. ಬೇಯಿಸುವಾಗ ತುಂಡಿನ ನಡುಭಾಗವೂ 74 ಡಿಗ್ರಿಗೆ ಕಾಯುವಂತೆ ನೋಡಿಕೊಳ್ಳಬೇಕು.